ಕನಸಿನ ಹುಡುಗಿಯ ಎರಡನೇ ಭಾಗ

ಇಚಲಕರಂಜಿಯ ನಮ್ಮ ಮನೆಯಲ್ಲಿ ಕೆಳಗೆ ಮಗ್ಗಗಳು, ಮೇಲೆ ನಾವು. ಅಪ್ಪನ ಪವರ್‌ಲೂಮುಗಳು ನಡೆಯುತ್ತಿರುವಾಗ ಮೇಲಿನ ನೆಲ ಸಣ್ಣಗೆ ನಡುಗುತ್ತಿತ್ತು. ನೀರು ತುಂಬಿದ ತಂಬಿಗೆಯನ್ನು ಕೆಳಗಿಟ್ಟರೆ ನೀರಿನ ಮೇಲೆ ಉಂಗುರ ಉಂಗುರವಾಗಿ ಅಲೆಗಳು ಏಳುತ್ತಿದ್ದವು. ಹೊಸಬರು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮಗೆ ಆ ಸದ್ದು ಕೇಳಿಸುತ್ತಲೇ ಇರಲಿಲ್ಲ. ಅದು ನಿಂತಾಗ ಮಾತ್ರ ಏನಾಯಿತೆಂದು ತಲೆಯೆತ್ತುತ್ತಿದ್ದೆವು.

ನಾನು ತೀರ ಚಿಕ್ಕವಳಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ನನ್ನನ್ನು ಬೆಳೆಸಿದವಳು ಅಕ್ಕ. ಓಣಿಯ ಮಾತು ಮರಾಠಿ, ಮನೆಯ ಮಾತು ಕನ್ನಡ. ಅಕ್ಕ ಅಜ್ಜನ ಊರಿನ ಕನ್ನಡ ಶಾಲೆಯಲ್ಲಿ ಕಲಿತು ಬಂದಿದ್ದಳು. ಮರಾಠಿ ಶಾಲೆಗೆ ಹೋಗುತ್ತಿದ್ದ ನನಗೆ ಕನ್ನಡ ಅಕ್ಷರ ತಿದ್ದಿಸಿದವಳೂ ಅವಳೇ. ನಮ್ಮದು ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವುದರೊಳಗೆ ಊಟ ಮುಗಿಯುತ್ತಿತ್ತು. ಆಮೇಲೆ ಬೆಳಕಿರುವ ತನಕ ಅಕ್ಕ ಕಾಂಡಿ ಸುತ್ತುತ್ತಾ ಕೂಡುತ್ತಿದ್ದಳು. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಕೊಳವೆಗೆ ನಮ್ಮಲ್ಲಿ ಕಾಂಡಿ ಅನ್ನುತ್ತಾರೆ. ಅದೇ ಹೊತ್ತಿಗೆ ಓಣಿಯ ನಾಲ್ಕಾರು ಹುಡುಗಿಯರು ಅವಳ ಕಥೆ ಕೇಳಲು ನಮ್ಮ ಮಾಳಿಗೆ ಹತ್ತಿ ಬರುತ್ತಿದ್ದರು. ಮಗ್ಗದ ಸದ್ದಿನ ಮೇಲೆ ಕೇಳಿಸಬೇಕಾದ್ದರಿಂದ ಅಕ್ಕ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಅವಳ ಬರವಣಿಗೆಯಲ್ಲೂ ಆ ಬಿಡಿಸಿ ಹೇಳುವ ಗುಣ ಕೊನೆಯವರೆಗೆ ಉಳಿಯಿತು.

ಅವಳು ಹೇಳುತ್ತಿದ್ದುದು ಒಬ್ಬ ಹುಡುಗಿಯ ಕಥೆ. ಮಲಗಿದವರ ಹಣೆಯ ಹತ್ತಿರ ಆ ಹುಡುಗಿ ಕೈ ಹಿಡಿದರೆ ಅವರ ಕನಸು ಅವಳ ಬೆರಳಿಗೆ ಎಳೆಯಾಗಿ ಬರುತ್ತಿತ್ತು. ನದಿಯ ಕನಸಾದರೆ ಆ ಎಳೆಯಿಂದ ಬತ್ತಿದ ಬಾವಿಗೆ ನೀರು ಬರಿಸಬಹುದು. ಹಾರುವ ಕನಸಾದರೆ ಮಾಳಿಗೆಯಿಂದ ಮಾಳಿಗೆಗೆ ಹಾರಬಹುದು. ಆದರೆ ಒಮ್ಮೆ ಎಳೆದುಕೊಂಡ ಕನಸು ಆ ಮನುಷ್ಯನಿಗೆ ಮತ್ತೆಂದೂ ಬೀಳುವುದಿಲ್ಲ. ಅದಕ್ಕೇ ಹುಡುಗಿ ಜನರ ಕೆಟ್ಟ ಕನಸುಗಳನ್ನಷ್ಟೇ ತೆಗೆದುಕೊಳ್ಳುತ್ತಾಳೆ; ಹೆದರಿಕೆಯ ಕನಸುಗಳಿಂದ ಊರಿಗೆ ಒಳ್ಳೆಯದು ಮಾಡುತ್ತಾಳೆ. ಕೊನೆಗೆ ಒಂದು ಮಳೆಗಾಲ ಹೊಳೆ ಊರೊಳಗೆ ನುಗ್ಗುತ್ತದೆ. ಜನರನ್ನು ದಾಟಿಸಲು ಸೇತುವೆ ಬೇಕು. ಊರೆಲ್ಲ ಎಚ್ಚರವಾಗಿದೆ, ಮಲಗಿರುವವಳು ಜ್ವರ ಬಂದ ಹುಡುಗಿಯ ತಾಯಿ ಒಬ್ಬಳೇ. ತಾಯಿಗೆ ಬೀಳುತ್ತಿದ್ದುದು ಒಂದೇ ಕನಸು, ಅದರಲ್ಲಿ ಅವಳು ಸತ್ತುಹೋದ ತನ್ನ ಅವ್ವನನ್ನು ನೋಡುತ್ತಿದ್ದಳು. ಹುಡುಗಿ ಅದನ್ನು ಎಳೆದುಕೊಳ್ಳುತ್ತಾಳೆ. ಸೇತುವೆ ಆಗುತ್ತದೆ, ಊರು ಉಳಿಯುತ್ತದೆ. ಮರುದಿನ ತಾಯಿ ಎದ್ದು, ಏನನ್ನು ಹುಡುಕುತ್ತಿದ್ದೇನೆಂದು ತನಗೇ ತಿಳಿಯದೆ, ಮನೆಯ ಮೂಲೆಮೂಲೆ ಹುಡುಕುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಈ ಕಥೆಯನ್ನು ಅಕ್ಕ ಬರೆದಿಟ್ಟಿದ್ದು ಅಪ್ಪನ ಒತ್ತಾಯಕ್ಕೆ. ಎಪ್ಪತ್ತರ ದಶಕ ಇನ್ನೇನು ಮುಗಿಯುತ್ತಿತ್ತು. ಕೊಲ್ಹಾಪುರದಲ್ಲಿ ಅಪ್ಪನಿಗೆ ಗೊತ್ತಿದ್ದ ಒಂದು ಸಣ್ಣ ಛಾಪಖಾನೆ ಇತ್ತು. ಗಡಿಭಾಗದ ಕನ್ನಡದವರಿಗೆ ಲಗ್ನಪತ್ರಿಕೆ, ಪೂಜೆಯ ಪುಸ್ತಕ ಮುದ್ರಿಸಿಕೊಡುವುದಕ್ಕಾಗಿ ಅದರ ಮಾಲಕರು ಕನ್ನಡ ಅಚ್ಚಿನ ಮೊಳೆಗಳನ್ನು ಇಟ್ಟುಕೊಂಡಿದ್ದರು. ಅಲ್ಲಿಯೇ ಅಕ್ಕನ ತೆಳ್ಳನೆಯ ಪುಸ್ತಕ ಅಚ್ಚಾಯಿತು. ಅಪ್ಪ ನೂಲಿನ ವ್ಯವಹಾರಕ್ಕೆ ತಿರುಗುವಾಗ ಕೈಚೀಲದಲ್ಲಿ ಪುಸ್ತಕಗಳನ್ನೂ ಹಾಕಿಕೊಂಡು ಹೋಗಿ ಗಡಿ ಊರುಗಳ ಕನ್ನಡ ಶಾಲೆಗಳಿಗೆ ಕೊಟ್ಟು ಬರುತ್ತಿದ್ದರು. ಹಿಂದಿನ ಸಲ ಕೊಟ್ಟ ಊರಿಗೆ ಮತ್ತೆ ಹೋದರೆ ಹುಡುಗರು ಸುತ್ತುಗಟ್ಟಿ, ಮುಂದಿನ ಭಾಗ ತಂದೀರೇನು ಎಂದು ಕೇಳುತ್ತಿದ್ದರಂತೆ. ಅಪ್ಪ ಅದನ್ನು ಮನೆಗೆ ಬಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅಕ್ಕ ನಕ್ಕು ಕಾಂಡಿ ಸುತ್ತುತ್ತಿದ್ದಳು.

ಅಷ್ಟರಲ್ಲಿ ಅವಳ ಮದುವೆಯಾಯಿತು. ಭಾವ ಗಡಹಿಂಗ್ಲಜದ ಒಂದು ಶಾಲೆಯಲ್ಲಿ ಗಣಿತದ ಮಾಸ್ತರು, ಮಾತು ಕಡಿಮೆ. ಮನೆ ನಡೆಸುತ್ತಿದ್ದವರು ಅವರ ತಾಯಿ. ಎತ್ತರದ, ಗಟ್ಟಿ ಎಲುಬಿನ ಹೆಂಗಸು. ಗಂಡ ತೀರಿಕೊಂಡ ಮೇಲೆ ಹೊಲ, ಎಮ್ಮೆ, ಮಗನ ಓದು ಎಲ್ಲವನ್ನೂ ಒಬ್ಬರೇ ನಿಭಾಯಿಸಿದವರು. ಓದು ಬರಹ ಬರುತ್ತಿರಲಿಲ್ಲ. ಅವರನ್ನು ಅಕ್ಕ ಅತ್ತ್ಯಾರ ಎಂದು ಕರೆಯುತ್ತಿದ್ದಳು, ನಾನೂ ಹಾಗೆಯೇ ಕರೆಯುತ್ತಿದ್ದೆ. ಮೊದಮೊದಲು ನನಗೆ ಅವರೆಂದರೆ ಅಂಜಿಕೆ.

ಮದುವೆಯಾದ ಮರುವರ್ಷದ ಬೇಸಿಗೆ ಸೂಟಿಗೆ ನಾನು ಗಡಹಿಂಗ್ಲಜಕ್ಕೆ ಹೋದೆ. ಪಡಸಾಲೆಯ ತುಂಬ ಕೆಂಪು ಮೆಣಸಿನಕಾಯಿ ಹರವಿತ್ತು. ಅತ್ತ್ಯಾರ ತೊಟ್ಟು ಬಿಡಿಸುತ್ತಾ ಕೂತಿದ್ದರು. ನಾನು ಸೀನುತ್ತಾ ಬಿಡಿಸತೊಡಗಿದೆ. ಅವರು ನನ್ನ ಕೈಯಿಂದ ಕಾಯಿ ಕಸಿದುಕೊಂಡು, "ಬ್ಯಾಡ ಬಿಡವಾ, ಕೈ ಉರಿತಾವ. ನೀ ಏನರ ಓದಿ ಹೇಳು, ಕೇಳ್ತೇನಿ. ನಿಮ್ಮಕ್ಕ ಏನೋ ಪುಸ್ತಕ ಬರದಾಳಂತಲ್ಲ," ಎಂದರು. ಸೊಸೆಯ ಪುಸ್ತಕವನ್ನು ಅಲ್ಲಿಯವರೆಗೆ ಯಾರೂ ಅವರಿಗೆ ಓದಿ ಹೇಳಿರಲಿಲ್ಲ. ಅಕ್ಕನಿಗೆ ಸಂಕೋಚ, ಅವಳು ಅಡುಗೆಮನೆಯಲ್ಲಿಯೇ ಉಳಿದಳು.

ನಾನು ಒಂದೇ ಪಟ್ಟಿಗೆ ಕೂತು ಪೂರ್ತಿ ಓದಿದೆ. ಅತ್ತ್ಯಾರ ನಡುನಡುವೆ "ಹ್ಞಾಂ" ಅನ್ನುತ್ತಿದ್ದರು. ಹೊಳೆ ನುಗ್ಗುವ ಅಧ್ಯಾಯ ಬಂದಾಗ ಅವರ ಕೈ ನಿಂತಿತು. ತಾಯಿ ಮನೆಯೆಲ್ಲ ಹುಡುಕುವಲ್ಲಿಗೆ ಬಂದು ನಾನು ಪುಸ್ತಕ ಮುಚ್ಚಿದೆ.

"ಮುಂದ?" ಎಂದರು.

"ಇಷ್ಟ ಐತ್ರಿ ಅತ್ತ್ಯಾರ."

"ಇಷ್ಟ ಹೆಂಗ? ಅವ್ವನ ಕನಸು ಎಲ್ಲಿ ಹೋತು?" ಅವರು ಅಡುಗೆಮನೆಯ ಕಡೆ ತಿರುಗಿ ದನಿಯೆತ್ತಿದರು. "ಏ ಹುಡುಗಿ, ಇಲ್ಲಿ ಬಾ. ತಾಯಿದು ತಗೊಂಡು ಊರ ಉಳಿಸಿದಿ, ಚಲೋ ಆತು. ತಿರುಗಿ ಕೊಡಬೇಕೋ ಬ್ಯಾಡೋ?"

ಅಕ್ಕ ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಅದು ಕತಿರಿ," ಎಂದಳು.

"ಕತಿ ಅಂತನ ಕೇಳಾಕತ್ತೇನಿ. ಖರೆ ಇದ್ದರ ಯಾರನ್ನ ಕೇಳಲಿ?"

ಆ ದಿನದಿಂದ ಅತ್ತ್ಯಾರ ಬಿಡಲಿಲ್ಲ. ರೊಟ್ಟಿ ಬಡಿಯುವಾಗ, ಎಮ್ಮೆಗೆ ಹಿಂಡಿ ಕಲಸುವಾಗ, ಭಾವ ಊಟಕ್ಕೆ ಕೂತಾಗ, ಅವರದು ಒಂದೇ ಪ್ರಶ್ನೆ. ಸೊಸೆಯ ಬರವಣಿಗೆ ಅತ್ತೆಗೆ ಹಿಡಿಸದೆ ನಿಂತುಹೋಗಬಹುದೆಂದು ಮದುವೆಯ ಹೊತ್ತಿಗೆ ನಾನು ಹೆದರಿಕೊಂಡಿದ್ದೆ. ಇಲ್ಲಿ ನೋಡಿದರೆ ಬರೆಯೆಂದು ಬೆನ್ನು ಹತ್ತಿದವರೇ ಅವರು. ಅಕ್ಕ ಕೊನೆಗೆ ಬರೆಯಲು ಕೂತಳು. ಒಂದು ಅಧ್ಯಾಯ ಬರೆದಳು, ನಾನು ಓದಿದೆ. ಅದರಲ್ಲಿ ಹುಡುಗಿ ಏಳು ಗುಡ್ಡ ದಾಟಿ ಹೋಗಿ ಒಬ್ಬ ಮಾಂತ್ರಿಕನಿಂದ ಕನಸನ್ನು ಗೆದ್ದು ತರುತ್ತಾಳೆ. ಅತ್ತ್ಯಾರ ತಲೆಯಾಡಿಸಿದರು.

"ಹಂಗ ಸಲೀಸ ಸಿಗೂದಿಲ್ಲವಾ. ಸೇತುವಿ ಆಗಿ ಹೋಗೇತಿ ಅದು, ಮಂದಿ ತುಳದ ದಾಟ್ಯಾರ. ಮಂತ್ರವಾದಿ ಕಡೆ ಎಲ್ಲಿಂದ ಬಂತು?"

ನಾನು ಅಕ್ಕನ ಮುಖ ನೋಡಿದೆ. ಸಿಟ್ಟು ಬಂದಿರಬಹುದೆಂದುಕೊಂಡಿದ್ದೆ. ಅವಳು ಹಾಳೆಗಳನ್ನು ಮಡಚಿ, "ಹೌದ್ರಿ. ನನಗೂ ಹಂಗ ಅನಿಸಿತ್ತು," ಎಂದಳು. ಮತ್ತೆ ಬರೆದಳು, ತಾನೇ ಹರಿದಳು. ಆ ಮನೆ ತಣ್ಣಗಿನ, ಸದ್ದಿಲ್ಲದ ಮನೆ. ಮಧ್ಯಾಹ್ನ ಎಮ್ಮೆ ಮೆಲುಕು ಹಾಕುವುದೂ ಕೇಳಿಸುತ್ತಿತ್ತು. ಅಕ್ಕ ಕಿಟಕಿಯ ಹತ್ತಿರ ಹಾಳೆ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂತರೂ ಒಂದು ಸಾಲು ಹುಟ್ಟುತ್ತಿರಲಿಲ್ಲ.

ನಾನು ಇಚಲಕರಂಜಿಗೆ ಹೊರಡುವ ಮುನ್ನಾದಿನ ಅಕ್ಕ ಅವರಿಗೆ ನೇರವಾಗಿ ಹೇಳಿಬಿಟ್ಟಳು.

"ನನ್ನ ಕೈಲೆ ಆಗೂದಿಲ್ರಿ ಅತ್ತ್ಯಾರ. ಹೋದದ್ದು ತಿರುಗಿ ಬರೂದಿಲ್ಲ. ನಮ್ಮವ್ವ ಹೋದಾಗಿಂದ ನನಗ ಅದು ಗೊತ್ತೈತಿ. ಬಂತು ಅಂತ ಬರದರ ಸುಳ್ಳಾಕ್ಕೈತಿ."

ಅತ್ತ್ಯಾರ ಮೊರದಲ್ಲಿದ್ದ ಜೋಳ ಹಸನು ಮಾಡುವುದನ್ನು ಮುಗಿಸಿ, ಮೊರ ಗೋಡೆಗೆ ಒರಗಿಸಿ, ಅವಳ ಹತ್ತಿರ ಬಂದು ಕೂತರು.

"ಬರೂದಿಲ್ಲ ಅಂತ ನನಗೂ ಗೊತ್ತೈತಿ. ಆದರ ಆಕಿ ಹುಡಕಾಕರ ಹೋಗಬೇಕೋ ಬ್ಯಾಡೋ? ಮಗಳಾಗಿ ಸುಮ್ಮ ಕುಂದರತಾಳೇನ ಆಕಿ?"

ಅಕ್ಕ ಅತ್ತಳು. ಅವಳು ಅತ್ತಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಅತ್ತ್ಯಾರ ಅವಳ ಬೆನ್ನ ಮೇಲೆ ಕೈಯಿಟ್ಟು, ಮೊದಲ ಪುಸ್ತಕ ಎಲ್ಲಿ ಕೂತು ಬರೆದೆ, ಹೇಗೆ ಬರೆದೆ ಎಂದೆಲ್ಲ ವಿಚಾರಿಸಿದರು. ಅಕ್ಕ ಮಗ್ಗದ ಸದ್ದಿನ ವಿಷಯ ಹೇಳಿದಳು. ಆ ಸದ್ದು ನಡೆದಿದ್ದರೆ ಮನಸ್ಸು ತಾನಾಗಿಯೇ ಒಂದು ಓಟಕ್ಕೆ ಬೀಳುತ್ತದೆ, ಕೈ ಅದರ ಹಿಂದೆ ಹೋಗುತ್ತದೆ, ಇಲ್ಲಿ ತನ್ನ ಉಸಿರೇ ತನಗೆ ಕೇಳಿಸಿ ಕೈ ನಿಲ್ಲುತ್ತದೆ ಎಂದಳು.

"ಮೊದಲ ಹೇಳಬಾರದೇನ?" ಎಂದರು ಅತ್ತ್ಯಾರ. ಸಂಜೆ ಮಗನನ್ನು ಕರೆದು, ಎಮ್ಮೆಯನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ, ನೀನು ಸ್ವಲ್ಪ ದಿನ ಅನ್ನ ಸಾರು ಮಾಡಿಕೊಂಡು ಉಣ್ಣು ಎಂದು ಅಪ್ಪಣೆ ಕೊಟ್ಟರು. ಮರುದಿನ ಬಸ್ಸಿನಲ್ಲಿ ನಾವು ಮೂವರೂ ಹೊರಟೆವು.

ಸೊಸೆಯ ತವರಿಗೆ ಬಂದು ಬೀಗಿತ್ತಿ ಬಿಡಾರ ಹೂಡುವುದನ್ನು ನಮ್ಮ ಓಣಿ ಅಲ್ಲಿಯವರೆಗೆ ಕಂಡಿರಲಿಲ್ಲ. ಅಪ್ಪ ಗಾಬರಿಯಾದರು. ಮಗಳ ಸಂಸಾರದಲ್ಲಿ ಏನೋ ಎಡವಟ್ಟಾಗಿದೆ ಎಂದೇ ಅವರ ಭಾವನೆ.

"ಬೀಗ್ತ್ಯಾರ, ಏನರ ತಪ್ಪಾತೇನ್ರಿ ನಮ್ಮ ಹುಡುಗಿದು?"

"ತಪ್ಪ ಏನೂ ಇಲ್ರಿ ಬೀಗರ. ಕತಿ ಅರ್ಧ ಬಿಟ್ಟಾಳ. ಮುಗಿಸಿಕೊಂಡ ಹೋಗಾಕ ಬಂದೇವಿ."

ಮೊದಲ ದಿನ ಸದ್ದಿಗೆ ಅವರ ತಲೆ ಹಿಡಿಯಿತು. ಆದರೂ ಮಾಳಿಗೆಯ ಮೇಲೆ ಅಕ್ಕನ ಹತ್ತಿರವೇ ಕೂತರು. ಬರೆಯುವವಳ ಕೈ ಖಾಲಿಯಿರಲಿ ಎಂದು ಅವಳ ಪಾಲಿನ ಕಾಂಡಿ ಸುತ್ತುವ ಕೆಲಸವನ್ನು ತಾವೇ ಕಲಿತುಕೊಂಡರು. ಮೊದಲು ಸುತ್ತಿದ ಕಾಂಡಿಗಳು ಸಡಿಲವಾಗಿ, ಮಗ್ಗದಲ್ಲಿ ನೂಲು ಕಡಿದು, ಕೆಳಗಿನಿಂದ ಅಪ್ಪನ ಗೊಣಗಾಟ ಕೇಳಿಸಿತು. ವಾರದೊಳಗೆ ಸುಧಾರಿಸಿದರು.

ಅಕ್ಕ ಬರೆಯತೊಡಗಿದಳು. ಹುಡುಗಿ ಕನಸನ್ನು ಹುಡುಕಲು ಮನೆ ಬಿಟ್ಟು ಹೊರಡುವ ಅಧ್ಯಾಯ ಸರಾಗವಾಗಿ ಬಂತು. ಹುಡುಗಿ ಸೇತುವೆಯ ಹತ್ತಿರ ಹೋಗಿ ನೋಡುತ್ತಾಳೆ. ಹೊಳೆ ಇಳಿದಿದೆ, ಸೇತುವೆಯ ಗುರುತೂ ಇಲ್ಲ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕೆಂದು ಅಕ್ಕನಿಗೆ ಹೊಳೆಯಲಿಲ್ಲ.

ಆಗ ಇಚಲಕರಂಜಿಯಲ್ಲಿ ವಾರಕ್ಕೊಂದು ದಿನ ಕರೆಂಟು ತೆಗೆಯುತ್ತಿದ್ದರು. ಅಂಥ ಒಂದು ದಿನ ಮಗ್ಗ ನಿಂತು, ಇಡೀ ಓಣಿಯೇ ನಿಶ್ಶಬ್ದವಾಗಿತ್ತು. ಅಕ್ಕನೂ ಪೆನ್ನು ಕೆಳಗಿಟ್ಟಿದ್ದಳು. ಅತ್ತ್ಯಾರ ನನ್ನ ತಲೆ ಬಾಚುತ್ತಿದ್ದರು. ಬಾಚುತ್ತಲೇ, ಯಾರೂ ಕೇಳದೆ, ತಮ್ಮ ಮಾತು ತೆಗೆದರು.

"ನನಗೂ ಒಂದ ಕನಸ ಬೀಳತಿತ್ತು. ಕುರುಂದವಾಡದಾಗ ಹೊಳಿ ದಂಡಿಮ್ಯಾಲೆ ನಮ್ಮ ತವರಮನಿ. ನಾ ಸಣ್ಣಾಕಿದ್ದಾಗ ಮಹಾಪೂರದಾಗ ಹೋತು ಅದು. ಲಗ್ನ ಆದಮ್ಯಾಲೆ ಭಾಳ ವರ್ಸ ಆ ಮನಿ ಕನಸಿನಾಗ ಬರತಿತ್ತು. ನಮ್ಮವ್ವ ಹೊಳಿಗೆ ಇಳಿಯೂ ಪಾವಟಿಗಿಮ್ಯಾಲೆ ಕುಂತು ಹಿಂಗ ನನ್ನ ತಲಿ ಬಾಚತಿದ್ದಳು. ನೀರ ಅಗದೀ ಕಾಲಬುಡಕ. ಅಂಜಿಕಿ ಅನಸತಿರಲಿಲ್ಲ."

"ಈಗ ಬೀಳೂದಿಲ್ಲೇನ್ರಿ?" ಎಂದು ಅಕ್ಕ ಕೇಳಿದಳು.

"ಇಲ್ಲ. ಯಾವಾಗ ನಿಂತಿತು ಅನ್ನೂದೂ ತಿಳೀಲಿಲ್ಲ. ಕೆಲಸದ ಗದ್ದಲದಾಗ ಎಲ್ಲೋ ಹೋತು. ನಿನ್ನ ಕತಿ ಕೇಳಿದ ದಿನ ಎದಿಯಾಗ ಝಗ್ಗ ಅಂತು, ಅಯ್ಯ, ನಂದೂ ಹೋಗೇತಲ್ಲ ಅಂತ."

ನನ್ನ ಜಡೆ ಅವರ ಕೈಯಲ್ಲೇ ಇತ್ತು. ತಿರುಗಿ ಅವರ ಮುಖ ನೋಡಲು ನನಗೆ ಆಗಲಿಲ್ಲ. ಅಕ್ಕ ಹತ್ತಿರ ಸರಿದು ಕೇಳಿದಳು, "ಆ ಕನಸ ನೀವು ಯಾರಿಗರ ಹೇಳಿದ್ರೇನ್ರಿ ಆವಾಗ?"

"ಎಲ್ಲಾರಿಗೂ ಹೇಳತಿದ್ದೆ. ನೀರಿಗೆ ಹೋದಲ್ಲಿ, ಹೊಲದಾಗ ಕಳೆ ತಗಿಯುವಲ್ಲಿ. ನಮ್ಮ ನೆಗೆಣ್ಣಿ, ನನ್ನ ಜೋಡಿ ಅದ ಮನಿಗೆ ಸೊಸಿಯಾಗಿ ಬಂದಾಕಿ, ಮುರಗೂಡದಾಗ ಅದಾಳ. ಈಗೂ ಭೆಟ್ಟಿ ಆದರ ಕೇಳತಾಳ, ನಿನ್ನ ಹೊಳಿದಂಡಿ ಮನಿ ಬಂದಿತ್ತೇನ ಅಂತ. ನನಗ ನೆನಪಿಲ್ಲದ್ದೂ ಆಕಿಗೆ ನೆನಪೈತಿ. ನಮ್ಮವ್ವನ ಕೈಯಾಗ ಹಸರ ಬಳಿ ಇದ್ದುವಂತ."

ಅಕ್ಕ ಎದ್ದು ನಿಂತಳು. ಮತ್ತೆ ಕೂತಳು. ಮರುದಿನ ಮಗ್ಗ ಶುರುವಾಗುವ ಮೊದಲೇ ಅವಳು ಹಾಳೆ ತೆಗೆದುಕೊಂಡು ಸಿದ್ಧಳಾಗಿದ್ದಳು.

ಅವಳು ಆ ಎರಡನೇ ಭಾಗದಲ್ಲಿ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ. ಹುಡುಗಿಗೆ ತಿಳಿಯುತ್ತದೆ, ತಾಯಿ ತನ್ನ ಕನಸನ್ನು ದಿನಾ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಯಾರು ಸಿಕ್ಕರೆ ಅವರಿಗೆ ಹೇಳುತ್ತಿದ್ದಳು. ಹುಡುಗಿ ಅವರನ್ನೆಲ್ಲ ಹುಡುಕಿಕೊಂಡು ಹೋಗುತ್ತಾಳೆ. ಆದರೆ ಅವರಲ್ಲಿರುವುದು ಕನಸಲ್ಲ, ಕೇಳಿದ್ದರ ನೆನಪು; ಇಲ್ಲಿ ಅವಳ ಮಾಯೆ ನಡೆಯುವುದಿಲ್ಲ, ಮಲಗಿದವರ ಹಣೆಯಿಂದ ಎಳೆದುಕೊಳ್ಳುವಂತಿಲ್ಲ. ಎಚ್ಚರವಿದ್ದವರು ತಾವಾಗಿ ಬಾಯಿಬಿಟ್ಟು ಹೇಳಿದ್ದಷ್ಟೇ ಎಳೆಯಾಗುತ್ತದೆ. ಅಲ್ಲಿಯವರೆಗೆ ಬೇಕಾದ್ದನ್ನು ಕೈ ಚಾಚಿ ತೆಗೆದುಕೊಂಡವಳು ಈಗ ಕೇಳಿ ಪಡೆಯುವುದನ್ನು ಕಲಿಯಬೇಕು. ಕುಂಬಾರಗಿತ್ತಿಗೆ ಕನಸಿನೊಳಗಿನ ಸೀರೆಯ ಬಣ್ಣ ನೆನಪಿದೆ. ಕುರಿ ಕಾಯುವ ಮುದುಕನಿಗೆ ನೆನಪಿರುವುದು ಮಳೆಯ ವಾಸನೆ ಮಾತ್ರ. ಒಬ್ಬಳು ತಾಯಿಯ ಜೊತೆ ಜಗಳವಾಡಿದವಳು, ಬೇಕೆಂದೇ ತಪ್ಪು ಹೇಳುತ್ತಾಳೆ. ಆ ತಪ್ಪು ಎಳೆ ಕೈಯಲ್ಲಿ ಸುಡುತ್ತದೆ. ಅವಳ ಮನೆಗೆ ಹುಡುಗಿ ಮತ್ತೆ ಹೋಗಿ ಬೇಡಿಕೊಳ್ಳುವ ಅಧ್ಯಾಯವೊಂದಿದೆ, ಅದನ್ನು ಓದಿದಾಗ ಅಪ್ಪ ಮಗ್ಗದ ಹತ್ತಿರ ಹೋಗಿ ಸುಮ್ಮನೆ ನಿಂತುಕೊಂಡಿದ್ದರು.

ಮೊದಲ ಪುಸ್ತಕದಲ್ಲಿ ಎಲ್ಲವೂ ಓಟ. ಹಾರುವುದು, ಮುಳುಗುವುದು, ದಾಟುವುದು. ಎರಡನೆಯದರಲ್ಲಿ ಹುಡುಗಿ ಹೆಚ್ಚಾಗಿ ಬೇರೆಯವರ ಮನೆಯ ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಾಳೆ. ಆದರೂ ಪುಟ ತಿರುಗಿಸುವ ಆತುರ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಅದನ್ನು ಅವಳು ಹೇಗೆ ಸಾಧಿಸಿದಳೋ ನನಗೆ ತಿಳಿಯದು. ಆಗ ಅವಳಿಗೆ ಇಪ್ಪತ್ತೈದೂ ದಾಟಿರಲಿಲ್ಲ.

ಕೊನೆಯ ಅಧ್ಯಾಯವನ್ನು ಅಕ್ಕ ತಾನೇ ಓದಿದಳು. ಹುಡುಗಿ ಎಲ್ಲ ಎಳೆಗಳನ್ನೂ ಹೆಣೆದು ಮಲಗಿದ ತಾಯಿಯ ಹಣೆಯ ಮೇಲೆ ಹಾಸುತ್ತಾಳೆ. ಬೆಳಿಗ್ಗೆ ತಾಯಿ ಎದ್ದು, ಇದು ನನ್ನ ಕನಸಲ್ಲ, ಆದರೆ ಇದರಲ್ಲಿ ನನ್ನನ್ನು ಬಲ್ಲವರು ಬಹಳ ಮಂದಿ ಇದ್ದಾರೆ ಎನ್ನುತ್ತಾಳೆ. ಅವತ್ತಿನಿಂದ ಅವಳು ಮನೆಯ ಮೂಲೆ ಹುಡುಕುವುದನ್ನು ಬಿಡುತ್ತಾಳೆ.

ಅತ್ತ್ಯಾರ ಕಾಂಡಿಯನ್ನು ಬುಟ್ಟಿಗೆ ಹಾಕಿದರು. ನಾವಿಬ್ಬರೂ ಅವರ ಬಾಯನ್ನೇ ನೋಡುತ್ತಿದ್ದೆವು.

"ಹ್ಞೂಂ," ಎಂದರು. "ಈಗ ಸರಿ ಆತು. ಸುಳ್ಳ ಹೇಳಿಲ್ಲ ನೀ."

ನಾನು ಆಸೆಯಿಂದ ಕೇಳಿದೆ, "ಅತ್ತ್ಯಾರ, ನಿಮಗ ಆ ಮನಿ ಕನಸ ಮತ್ತ ಬಿತ್ತೇನ್ರಿ?"

"ಎಲ್ಲಿದು ತಗಿಯವಾ. ನಿನ್ನಿ ಎಮ್ಮಿ ಕನಸ ಬಿತ್ತು. ಹಗ್ಗ ಬಿಚ್ಚಿಕೊಂಡ ಹೋಗಿತ್ತು," ಎಂದು ನಕ್ಕರು. ಮರುದಿನವೇ ಗಡಹಿಂಗ್ಲಜಕ್ಕೆ ಹೊರಟುನಿಂತರು.

ಆ ವರ್ಷ ನಾನು ಕೊಲ್ಹಾಪುರದಲ್ಲಿ ಕಾಲೇಜು ಸೇರಿದ್ದರಿಂದ ಛಾಪಖಾನೆಗೆ ಹೋಗಿ ಪ್ರೂಫ್ ನೋಡುವ ಕೆಲಸ ನನಗೆ ಬಂತು. ಲಗ್ನಪತ್ರಿಕೆಗೆಂದು ಇಟ್ಟುಕೊಂಡ ಮೊಳೆಗಳು. ದಪ್ಪ ಪುಸ್ತಕಕ್ಕೆ ಸಾಲುತ್ತಿರಲಿಲ್ಲ. ಒಂದು ಸಂಜೆ ಮಾಲಕರು ತಲೆ ಕೆರೆದುಕೊಳ್ಳುತ್ತಾ ಬಂದರು.

"ನಿಮ್ಮ ಅಕ್ಕಾರಿಗೆ ಹೇಳ್ರಿ, ಸ್ವಲ್ಪ ಕನಸ ಕಡಿಮಿ ಮಾಡಾಕ. ಸಾಲಿಗೊಮ್ಮೆ ಕನಸು, ಕನಸು ಅಂತ ಬರತೈತಿ. ಕ ಮುಗದು ಹೋತು, ಈಗ ನ ಮುಗ್ಯಾಕ ಬಂದೈತಿ."

ಅಕ್ಕ ಒಂದು ಕನಸನ್ನೂ ಕಡಿಮೆ ಮಾಡಲಿಲ್ಲ. ಅವರೂ ಹೆಚ್ಚು ಒತ್ತಾಯಿಸಲಿಲ್ಲ. ಸ್ವಲ್ಪ ಪುಟ ಜೋಡಿಸಿ, ಮುದ್ರಿಸಿ, ಮೊಳೆ ಬಿಡಿಸಿ, ಅದೇ ಮೊಳೆಯಿಂದ ಮುಂದಿನ ಪುಟ ಜೋಡಿಸುತ್ತಾ ಹೋದರು. ತಿಂಗಳುಗಳೇ ಹಿಡಿದವು.

ಪುಸ್ತಕ ಸಿದ್ಧವಾದ ದಿನ ಅಕ್ಕ, ಅತ್ತ್ಯಾರ ಇಬ್ಬರೂ ಕೊಲ್ಹಾಪುರಕ್ಕೆ ಬಂದರು. ಜಿಟಿಜಿಟಿ ಮಳೆ. ಕಟ್ಟುಗಳನ್ನು ಗೋಣಿತಾಟಿನಲ್ಲಿ ಸುತ್ತಿ ಗಡಹಿಂಗ್ಲಜದ ಬಸ್ಸಿಗೆ ಹಾಕಿದೆವು. ಶನಿವಾರವಾದ್ದರಿಂದ ನಾನೂ ಅವರ ಜೊತೆ ಹತ್ತಿದೆ. ಒಂದು ಕಟ್ಟನ್ನು ಮಾತ್ರ ಅತ್ತ್ಯಾರ ಬಸ್ಸಿನ ಮೇಲೆ ಇಡಗೊಡಲಿಲ್ಲ, ತೊಡೆಯ ಮೇಲೆಯೇ ಇಟ್ಟುಕೊಂಡು ಮಳೆ ತಾಗದಂತೆ ಕಿಟಕಿಗೆ ಬೆನ್ನು ಕೊಟ್ಟು ಕೂತರು. ಟಿಕೆಟ್ ಹರಿಯುತ್ತಾ ಬಂದ ಕಂಡಕ್ಟರು ಕಟ್ಟಿನಲ್ಲೇನಿದೆ ಎಂದು ಕೇಳಿದ, "ಆಜಿ, ಕಾಯ ಆಹೆ ತ್ಯಾತ?"

ಅತ್ತ್ಯಾರ ಎಲ್ಲರಿಗೂ ಕೇಳಿಸುವಂತೆ ಮರಾಠಿಯಲ್ಲಿಯೇ ಉತ್ತರಿಸಿದರು. "ಮಾಝ್ಯಾ ಸುನೇಚಂ ಪುಸ್ತಕ ಆಹೆ."

ತಮ್ಮ ಸೊಸೆಯ ಪುಸ್ತಕ. ಹಿಂದಿನ ಸೀಟಿನ ಒಬ್ಬ ಹೆಂಗಸು ಕುತ್ತಿಗೆ ಚಾಚಿ, ಏನಿದೆ ಅದರಲ್ಲಿ ಎಂದು ಕನ್ನಡದಲ್ಲಿ ಕೇಳಿದಳು. ಅತ್ತ್ಯಾರ ಆಕೆಯ ಕಡೆ ತಿರುಗಿ, ಒಂದು ಊರಿನಲ್ಲಿ ಒಬ್ಬ ಹುಡುಗಿ ಇದ್ದಳು ಎಂದು ಶುರುಮಾಡಿದರು. ಬಸ್ಸು ಗಡಹಿಂಗ್ಲಜ ಮುಟ್ಟುವಷ್ಟರಲ್ಲಿ ಮೊದಲನೇ ಭಾಗ ಪೂರ್ತಿ ಹೇಳಿ ಮುಗಿಸಿದ್ದರು. ಒಂದು ಸಂಗತಿಯನ್ನೂ ಬಿಟ್ಟಿರಲಿಲ್ಲ. ಅಕ್ಕ ಮುಂದಿನ ಸೀಟಿನ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಅವಳ ಕಿವಿ ಕೆಂಪಾಗಿದ್ದವು.